ಒಂಬತ್ತು ಹಗೇವಿನ ಗುರುಸಂಗಪ್ಪ

ನರಗುಂದದ ಹಳೇ ಊರಿಗೆ ಬಂದು ಗುರುಸಂಗಪ್ಪ ಸಾಹುಕಾರರ ಮನೆ ಯಾವುದು ಎಂದು ಯಾರನ್ನಾದರೂ ಕೇಳಿ ನೋಡಿ. ‘ಯಾವ ಗುರುಸಂಗಪ್ಪರ್ರಿ, ಒಂಬತ್ತು ಹಗೇವಿನವರೇನು?’ ಎಂದು ತಿರುಗಿ ಕೇಳುತ್ತಾರೆ. ನಮ್ಮ ಕಡೆ ಅಡ್ಡಹೆಸರು ಎಂಬುದು ಊರೇ ಕೂಡಿ ಮಾಡುವ ಎರಡನೆಯ ನಾಮಕರಣ. ಕೆಲವರಿಗೆ ಮೆಣಸಿನಕಾಯಿ, ಕೆಲವರಿಗೆ ಮುದ್ದತ್ತು ಮುಗಿದ ಔಷಧ ಎಂದು ಬಿದ್ದು ಜನ್ಮಪೂರ್ತಿ ಅಂಟಿಕೊಳ್ಳುತ್ತದೆ. ಗುರುಸಂಗಪ್ಪನ ಪಾಲಿಗೆ ಬಂದದ್ದು ಮಾತ್ರ ಜರಿಯ ರುಮಾಲಿನಂಥ ಹೆಸರು. ಅದನ್ನು ಅವನು ತಲೆಯಿಂದ ಇಳಿಸಿದ್ದೇ ಇಲ್ಲ.

ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಬಾಯಿಗೊಂದು ದುಂಡುಗಲ್ಲು. ಒಳಗೆ ಮಾತ್ರ ಚಕ್ಕಡಿ ನಿಲ್ಲಿಸುವಷ್ಟು ಹೊಟ್ಟೆ. ಈಗ ಜೋಳ ಹೊಲದಿಂದ ನೆಟ್ಟಗೆ ಪೇಟೆಗೆ ಹೋಗುತ್ತದೆ, ಹಗೇವಿನ ಹೊಟ್ಟೆ ಖಾಲಿ. ಹೊಟ್ಟೆ ಖಾಲಿಯಾದ ಮಾತ್ರಕ್ಕೆ ಮರ್ಯಾದೆ ಖಾಲಿಯಾಗುತ್ತದೆಯೆ? ಹಿಂದೆ ಹೆಣ್ಣು ಕೊಡಲು ಬಂದವರು ವರನ ಮುಖ ನೋಡುವ ಮೊದಲು ನೆಲ ನೋಡಿ ಕಲ್ಲು ಎಣಿಸುತ್ತಿದ್ದರು. ಮುಖ ನೋಡಿಯೇ ಕೊಡುವುದಾಗಿದ್ದರೆ ನಮ್ಮಂಥ ಅನೇಕರು ಇನ್ನೂ ಬ್ರಹ್ಮಚಾರಿಗಳಾಗಿ ಹನುಮಪ್ಪನ ಗುಡಿಯ ಕಟ್ಟೆ ಕಾಯುತ್ತಿದ್ದೆವು ಎಂಬುದು ಬೇರೆ ಮಾತು.

ಗುರುಸಂಗಪ್ಪನ ಲಗ್ನವೂ ಹಾಗೇ ಆಯಿತು. ಆಗ ಅವನು ಎಸ್ಸೆಸ್ಸೆಲ್ಸಿಯ ಮೇಲೆ ಎರಡು ಸಲ ದಂಡೆತ್ತಿ ಹೋಗಿ ಎರಡೂ ಸಲ ಸೋತು ಬಂದ ಸಣಕಲು ಹುಡುಗ. ಅಸೂಟಿಯಿಂದ ಬಂದ ಕಳಕವ್ವನ ಅಪ್ಪ ಅಂಗಳದಲ್ಲಿ ಆರು ಕಲ್ಲು ಎಣಿಸಿದ, ಎತ್ತು ಕಟ್ಟುವ ಪಡಸಾಲೆಯಲ್ಲಿ ಮೂರು ಎಣಿಸಿದ, ಮೀಸೆ ತಿರುವಿ ‘ಒಂಬತ್ತು’ ಎಂದ, ಹೋಳಿಗೆ ಉಣ್ಣಲು ಕುಳಿತ. ವರ ಎಲ್ಲಿದ್ದಾನೆ ಎಂದು ಕೇಳಿದ್ದು ಎರಡನೆಯ ಹೋಳಿಗೆಗೆ ತುಪ್ಪ ಬಿದ್ದ ಮೇಲೆ.

ಆಮೇಲೆ ಗುರುಸಂಗಪ್ಪ ಅಪ್ಪನ ಹತ್ತಿ-ಜೋಳದ ಅಂಗಡಿಯಲ್ಲಿ ಕುಳಿತ, ಹೊಟ್ಟೆ ಬಂತು, ಮಗ ಹುಟ್ಟಿದ, ಮಗನೂ ಅದೇ ಅಂಗಡಿಯಲ್ಲಿ ಕುಳಿತ. ಎತ್ತುಗಳು ಹೋಗಿ ಪಡಸಾಲೆಯಲ್ಲಿ ಹತ್ತಿಯ ಅಂಡಿಗೆಗಳು ಬಂದವು. ಗುರುಸಂಗಪ್ಪನಿಗೆ ಉಳಿದ ಕೆಲಸವೆಂದರೆ ಮಧ್ಯಾಹ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಎದುರುಮನೆಯ ಬಾಬುಸಾಬನ ಜೊತೆ ಕೂತು ಜಗತ್ತಿನ ನ್ಯಾಯ ಬಗೆಹರಿಸುವುದು. ಬಾಬುಸಾಬ ಗಾದಿ ಹಾಕುವವನು. ಊರಿನ ಅರ್ಧ ಜನ ಮಲಗುವುದು ಅವನು ತುಂಬಿದ ಗಾದಿಯ ಮೇಲೆ. ಸಾಲಿಯಲ್ಲಿ ಇಬ್ಬರೂ ಒಂದೇ ಬೆಂಚು. ಓಣಿಯಲ್ಲಿ ಏನೇ ಆಗಲಿ, ಬಾಬುಸಾಬ ಮೊದಲು ಕೇಳುತ್ತಿದ್ದದ್ದು, ‘ಗುರು ಏನಂತಾನ?’

ಕಾಲುವೆಯ ನೀರು ಬಂದ ಮೇಲೆ ನರಗುಂದದ ಹೊಲಗಳು ಹಸಿರಾದವು, ಊರಿನ ಬುಡ ಹಸಿಯಾಯಿತು. ನೆಲದೊಳಗಿನ ನೀರು ಏರುತ್ತ ಏರುತ್ತ ಹಳೇ ಹಗೇವುಗಳ ಗೋಡೆ ನೆನೆಸಿತು. ಮಳೆಗಾಲ ಬಂತೆಂದರೆ ಎಲ್ಲೋ ಒಂದು ಅಂಗಳ, ಎಲ್ಲೋ ಒಂದು ಬಚ್ಚಲು ಇದ್ದಕ್ಕಿದ್ದ ಹಾಗೆ ಬಾಯಿ ಬಿಡುತ್ತಿತ್ತು. ಯಾರ ಮನೆಯ ಕೆಳಗೆ ಏನಿದೆ ಎಂಬುದು ಮಣ್ಣಾದ ಅಜ್ಜಂದಿರಿಗೆ ಮಾತ್ರ ಗೊತ್ತಿತ್ತು.

ಅದನ್ನು ಪತ್ತೆ ಮಾಡಲು ಸರಕಾರದವರು ಕಳಿಸಿದ ಇಂಜಿನಿಯರ್ ಆರತಿ, ಗಜೇಂದ್ರಗಡದ ಜಯತೀರ್ಥ ಮಾಸ್ತರರ ಮಗಳು. ಬೇಸಿಗೆಯಲ್ಲೊಮ್ಮೆ ಬಂದು ಓಣಿಯ ಮೇಲೆ ಡ್ರೋನ್ ಹಾರಿಸಿ ಹೋಗಿದ್ದಳು. ಈಗ ಮುಗಿಲು ಹರಿದ ಹಾಗೆ ಮಳೆ ಹಿಡಿದಾಗ, ನಡುವೆ ತುಸು ಬಿಡುವು ಕೊಟ್ಟ ಮುಂಜಾನೆ ನೋಡಿ ಮತ್ತೆ ಹಾರಿಸಿದಳು. ಆರು ರೆಕ್ಕೆಯ ಯಂತ್ರ, ಅದರ ಹೊಟ್ಟೆಗೆ ಬುತ್ತಿಯ ಡಬ್ಬಿಯಂಥದೊಂದು ಪೆಟ್ಟಿಗೆ. ಗುಡ್ಡ ಕೂಡ ಕಾಣದ ಮೋಡದಲ್ಲಿ ಅದು ಹೊಕ್ಕಾಗ ಗುರುಸಂಗಪ್ಪ ಕಟ್ಟೆಯ ಮೇಲಿಂದ ನಕ್ಕಿದ್ದ.

“ತಂಗಿ, ಈ ಮ್ವಾಡದಾಗ ಫೋಟೋ ಹೊಡಿತೈತೇನದು? ನಮ್ಮ ಲಗ್ನದಾಗ ಬಿಸಲಾಗ ನಿಂದ್ರಿಸಿ ಹೊಡದ್ರೂ ನನ್ನ ಮಾರಿ ಬಿದ್ದಿಲ್ಲ.”

“ಇದು ಫೋಟೋ ಅಲ್ರಿ ಕಾಕಾ, ರಾಡಾರ್. ಬಾವಲಿ ಕೂಗಿ, ಆ ಕೂಗು ಹೊಳ್ಳಿ ಬಂದದ್ದರ ಮ್ಯಾಲೆ ಹಾದಿ ಹಿಡೀತದಲ್ಲ, ಹಂಗ. ಆ ಡಬ್ಬಿ ರೇಡಿಯೋ ಅಲೆ ಬಿಡ್ತದ. ಅವು ಮಾಳಗಿಗೆ, ನೆಲಕ್ಕ ಬಡದು ಹೊಳ್ಳಿ ಬರ್ತಾವ. ಅದಕ್ಕ ಮ್ವಾಡನೂ ಒಂದ, ಬಿಸಲೂ ಒಂದ. ಬ್ಯಾಸಗಿ ಚಿತ್ರದ ಮ್ಯಾಲೆ ಇವತ್ತಿಂದು ಇಟ್ಟು ನೋಡಿದ್ರ, ನೆಲ ಎಲ್ಲೆಲ್ಲಿ ಕುಸದದ ಅಂತ ಗೊತ್ತಾಗ್ತದ. ಕೂದಲೆಳಿಯಷ್ಟು ಕುಸದ್ರೂ ಸೈತ. ಅಡಿಗೆ ಪೊಳ್ಳಿದ್ದಲ್ಲೆ ಹೆಚ್ಚು ಕುಸೀತದ.”

ಮಧ್ಯಾಹ್ನ ಅದೇ ಕಟ್ಟೆಯ ಮೇಲೆ, ಕೊಡೆಗಳ ಕೆಳಗೆ, ಓಣಿಯೆಲ್ಲ ನೆರೆದಿತ್ತು. ಆರತಿ ಅಂಗೈಯಗಲದ ಪರದೆಯ ಮೇಲೆ ಚಿತ್ರ ತೋರಿಸಿದಳು. ಮನೆಗಳೆಲ್ಲ ಹಸಿರು, ಕುಸಿದ ಜಾಗಕ್ಕೆ ಕೆಂಪು. ಗುರುಸಂಗಪ್ಪನ ಅಂಗಳದಲ್ಲಿ ತೆಳುಗೆಂಪು ಚುಕ್ಕೆಗಳಿದ್ದವು. ಓಣಿಯವರು ಹರಾಜಿನಲ್ಲಿ ಕೂಗುವ ಹಾಗೆ ಕೂಗಿ ಕೂಗಿ ಎಣಿಸಿದರು. ಆರಕ್ಕೆ ನಿಂತಿತು.

“ಸಾಹುಕಾರ್ರ, ಉಳಿದ ಮೂರು ಎಲ್ಲಿ? ಪ್ಯಾಟಿಗೆ ಹೋಗ್ಯಾವೇನ್ರಿ?” ಎಂದ ಕಿರಾಣಿ ಅಂಗಡಿಯ ದ್ಯಾಮೇಶ.

ನಗೆ ಎದ್ದಿತು. ಗುರುಸಂಗಪ್ಪನ ಕಿವಿ ಬಿಸಿಯಾದವು. ಪಡಸಾಲೆಯ ಜಾಗ ಅಚ್ಚ ಹಸಿರಾಗಿತ್ತು, ಗರಿಕೆ ಬೆಳೆದ ಹಾಗೆ.

“ನಿಮ್ಮ ಯಂತ್ರಕ್ಕ ಕಣ್ಣು ಮಂಜಾಗ್ಯಾವ ತಂಗಿ,” ಎಂದ. “ಒಳಗ ಬಾ, ಕಲ್ಲು ತೋರಸ್ತೀನಿ. ಕೈಲೆ ಮುಟ್ಟಿ ನೋಡು.”

ಆರತಿಯ ಬೆರಳು ಆಗಲೇ ಪರದೆಯ ಮೇಲೆ ಓಣಿ ದಾಟಿ ಬಾಬುಸಾಬನ ಮನೆಯ ಮೇಲೆ ನಿಂತಿತ್ತು. ಅಡುಗೆಮನೆಯ ಮಾಳಿಗೆ ಕೆಂಡದ ಬಣ್ಣಕ್ಕೆ ತಿರುಗಿತ್ತು. “ಇದು ಭಾಳ ಕುಸದದ್ರಿ. ಮಾಳಗಿ ಎರಡು ಬೆರಳು ಕೆಳಗ ಬಂದದ ಅಂದ್ರ ಗ್ವಾಡಿ ಇಳ್ಯಾಕತ್ತದ ಅಂತ ಅರ್ಥ. ಈ ಮನಿ ಇವತ್ತ ಖಾಲಿ ಆಗಬೇಕು.”

ನಗೆ ನಿಂತಿತು. ಆ ಅಡುಗೆಮನೆಗೆ ಹತ್ತಿದ ಕೋಣೆಯಲ್ಲೇ ಬಾಬುಸಾಬನ ಮಗಳು ನಾಹೀದ ಮಲಗಿದ್ದಳು. ಹೆರಿಗೆಗೆಂದು ತವರಿಗೆ ಬಂದವಳು, ಹಸಿ ಬಾಣಂತಿ, ಮಗ್ಗುಲಲ್ಲಿ ಇನ್ನೂ ಹೆಸರಿಡದ ಕೂಸು.

“ನಮ್ಮ ಮನ್ಯಾಗ ಎಲ್ಲಿ ಹಗೇವರಿ?” ಬಾಬುಸಾಬ ಗಾಬರಿಯಲ್ಲೂ ಚೇಷ್ಟೆ ಬಿಡಲಿಲ್ಲ. “ನಮ್ಮಜ್ಜನೂ ಗಾದಿ ಹಾಕಾಂವ. ಹತ್ತಿನ ಹಗೇವಿನಾಗ ಇಡ್ತಿದ್ನೇನು? ಹಸಿ ಬಾಣಂತೀನ ಈ ಮಳ್ಯಾಗ ಎಲ್ಲಿಗೆ ಒಯ್ಲಿ?” ಎನ್ನುತ್ತ ತಿರುಗಿದ. “ಗುರು, ನೀ ಏನಂತಿ?”

ಆ ಗಳಿಗೆಯಲ್ಲಿ ಗುರುಸಂಗಪ್ಪ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಸುಮ್ಮನಿರುವುದು ಕಟ್ಟೆಯ ಮೇಲೆ ಕೂತವರ ಜಾತಕದಲ್ಲೇ ಇಲ್ಲ. ಕಿವಿಯ ಬಿಸಿ ಬೇರೆ ಇನ್ನೂ ಆರಿರಲಿಲ್ಲ.

“ಕಣ್ಣಿಗೆ ಕಾಣೂ ಮೂರು ಹಗೇವು ಕಾಣಲಿಲ್ಲ ಅದಕ್ಕ. ನಿನ್ನ ಮನ್ಯಾಗ ಇಲ್ಲದ್ದು ಕಂಡೈತಂತ! ಸುಮ್ನ ಹೋಗಿ ಚಾ ಕುಡಿ.”

ಓಣಿಗೆ ಅಷ್ಟೇ ಬೇಕಾಗಿತ್ತು. ಕೊಡೆಗಳು ಚದುರಿದವು. ಯಾರೋ ‘ಬಾವಲಿಗೆ ಹಗಲು ಕಾಣಂಗಿಲ್ಲ ಬಿಡ್ರಿ’ ಎಂದರು. ಮಳೆ ಮತ್ತೆ ಹಿಡಿಯಿತು.

ಆರತಿ ಮಾತ್ರ ಹೋಗಲಿಲ್ಲ. ಅವನ ಹಿಂದೆಯೇ ಒಳಗೆ ಬಂದು, ಪಡಸಾಲೆಯಲ್ಲಿ ಅಂಡಿಗೆಗಳ ನಡುವೆ ಕಾಣುತ್ತಿದ್ದ ಮೂರು ದುಂಡುಗಲ್ಲುಗಳನ್ನು ನೋಡುತ್ತ ನಿಂತಳು. ಬಾಗಿಲ ಹತ್ತಿರ ಕಳಕವ್ವ ಜೋಳ ಕೇರುತ್ತಿದ್ದಳು.

“ಕಾಕಾ, ಇವನ್ನ ಯಾವಾಗರೆ ತಗದದ್ದು ನೋಡೀರೇನು?”

“ಇವು ಬರಗಾಲಕ್ಕಂತ ಇಟ್ಟವು. ಸುಮ್ಮ ಸುಮ್ಮನ ತಗೀಬಾರದು ಅಂತಿದ್ದ ನಮ್ಮಪ್ಪ.”

“ಬರಗಾಲ ಬಂದಾಗ ತಗದ್ರ್ಯಾ?”

ಗುರುಸಂಗಪ್ಪನಿಗೆ ನೆನಪಿತ್ತು. ಸಣ್ಣವನಿದ್ದಾಗ ಒಂದು ಕೆಟ್ಟ ವರ್ಷ ಅಂಗಳದ ಆರೂ ಹಗೇವು ಖಾಲಿಯಾಗಿದ್ದವು. ಕಂದೀಲು ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ನೋಡಿ, ಆಳು ಇಳಿದು ಕಡೆಯ ಜೋಳ ಬಳಿದು ತಂದಿದ್ದ. ಅದರ ಮರುದಿನ ಅಪ್ಪ ಚಕ್ಕಡಿ ಕಟ್ಟಿಕೊಂಡು ರೋಣದ ಪೇಟೆಗೆ ಹೋಗಿ ಜೋಳ ಕೊಂಡು ತಂದ. ಪಡಸಾಲೆಯಲ್ಲಿ ಮೂರು ಹಗೇವು ಇರುವಾಗ ಪೇಟೆಗೇಕೆ ಹೋದ? ಹುಡುಗ ಕೇಳಿರಲಿಲ್ಲ. ಆಮೇಲೂ ಕೇಳಿರಲಿಲ್ಲ. ಕೆಲವು ಪ್ರಶ್ನೆಗಳನ್ನು ಮನುಷ್ಯ ಹಾವಿನ ಹುತ್ತದ ಹಾಗೆ ಬಳಸಿ ಹೋಗುತ್ತಾನೆ.

“ಒಂದು ಕಲ್ಲು ಎಬ್ಬಿಸಿ ನೋಡೂಣ್ರಿ,” ಎಂದಳು ಆರತಿ. “ಕೆಳಗ ಪೊಳ್ಳಿದ್ರ ನನ್ನ ಯಂತ್ರ ಕುರುಡ. ಈ ಓಣ್ಯಾಗ ನಿಂತು ತಪ್ಪಾತು ಅಂತೀನಿ. ಇಲ್ಲದಿದ್ರ…”

“ಇಲ್ಲದಿದ್ರ ಅನ್ನೂ ಮಾತ ಇಲ್ಲ,” ಕಳಕವ್ವ ಮೊರ ಕೆಳಗಿಟ್ಟಳು. “ನಮ್ಮಪ್ಪ ನಿಂತು ಎಣಿಸಿದ ಕಲ್ಲವು. ಹಸಿ ಮಳ್ಯಾಗ ಹಗೇವಿನ ಬಾಯಿ ತಗದ್ರ ಒಳಗಿನ ಕೆಟ್ಟ ಗಾಳಿ ಬಡದು ಯಾರರೆ ಸತ್ರ?”

ಗುರುಸಂಗಪ್ಪನಿಗೆ ಆ ಕೆಟ್ಟ ಗಾಳಿಯ ಆಸರೆ ಸಾಕಾಯಿತು. “ಅದ ಮತ್ತ,” ಎಂದು ಅವಸರದಿಂದ ಗೋಣು ಹಾಕಿದ. ಆದರೆ ಕಣ್ಣು ಕಲ್ಲಿನಿಂದ ಏಳಲಿಲ್ಲ.

ಅಷ್ಟರಲ್ಲಿ ಸೆರಗಿನ ಮೇಲೆ ಗೋಣಿಚೀಲ ಹೊದ್ದು ಬಾಬುಸಾಬನ ಹೆಂಡತಿ ಶಬನಮ ಓಣಿ ದಾಟಿ ಬಂದಳು. ಬಾಣಂತಿಗೆ ಕಾಯಿಸಿ ಕೊಡುವ ಅಳವಿ ಕಾಳು ತೀರಿತ್ತು, ಕಳಕವ್ವನ ಹತ್ತಿರ ಕೇಳಲು ಬಂದಿದ್ದಳು.

“ವೈನಿ, ಒಂದು ಮುಷ್ಟಿ ಕೊಡ್ರಿ, ಸಾಕು. ನಮ್ಮ ಬಚ್ಚಲದ್ದೊಂದು ನಿನ್ನಿಯಿಂದ ಬ್ಯಾರೇನ ಆಗೈತಿ ನೋಡ್ರಿ. ಬಾಣಂತಿಗೆ ಹಂಡೇಗಟ್ಟಲೆ ನೀರು ಹಾಕ್ತೀವಿ, ಗಟಾರಕ್ಕ ಒಂದು ಹನಿ ಬರವಲ್ದು. ಎಲ್ಲಿ ಹೊಕ್ಕೊಂಡೈತೋ ಏನೋ.”

ಆರತಿ ಗುರುಸಂಗಪ್ಪನನ್ನು ನೋಡಿದಳು. ನೆಲದ ಕೆಳಗೆ ಜಾಗವಿಲ್ಲದೆ ಹಂಡೆಗಟ್ಟಲೆ ನೀರು ಹೊಕ್ಕೊಳ್ಳಲು ಸಾಧ್ಯವಿಲ್ಲ ಎಂಬುದು ಎಸ್ಸೆಸ್ಸೆಲ್ಸಿ ಎರಡು ಸಲ ಬಿದ್ದವನಿಗೂ ತಿಳಿಯುತ್ತದೆ.

ಅವನು ಚಪ್ಪಲಿ ಕೂಡ ಮೆಟ್ಟದೆ ಓಣಿ ದಾಟಿದ. ಬಾಬುಸಾಬ ನಡುಮನೆಯಲ್ಲಿ ಗಾದಿಯ ಅಂಚು ಹೊಲಿಯುತ್ತ ಕೂತಿದ್ದ. ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿತ್ತು, ಸಂದಿಯಿಂದ ಲೋಬಾನದ ಹೊಗೆ ಬರುತ್ತಿತ್ತು. ಒಳಗಿನಿಂದ ಕೂಸಿನ ಸಣ್ಣ ದನಿ.

“ಬಾಬು, ಹುಡಿಗೀನ ಎಬ್ಬಿಸು. ನಮ್ಮ ಮನಿಗೆ ನಡೀರಿ ಎಲ್ಲಾರೂ.”

ಬಾಬುಸಾಬ ದಾರ ಕಚ್ಚಿ ಹರಿದ. “ಯಾಕಲೇ? ಈಗರೆ ಚಾ ಕುಡಿ ಹೋಗು ಅಂದಿ.”

“ಆಗ ಅಂದೆ. ಈಗ ಬ್ಯಾರೆ ಅನ್ನಾಕತ್ತೀನಿ.”

“ಅಂದ್ರ ಆ ಹುಡುಗಿ ಯಂತ್ರ ಖರೇ, ನಿನ್ನ ಮೂರು ಹಗೇವು ಸುಳ್ಳಂತೇನು?” ಬಾಬುಸಾಬನ ಕಣ್ಣಲ್ಲಿ ಚೇಷ್ಟೆ ಕುಣಿಯಿತು. ಗೆಳೆಯನನ್ನು ಹಿಡಿಯಲು ಇಂಥ ಹೊತ್ತು ಯಾವಾಗಲೋ ಒಮ್ಮೆ ಬರುತ್ತದೆ. “ಹಂಗಿದ್ರ ಒಂದು ಕಲ್ಲು ಎಬ್ಬಿಸಿ ತೋರ್ಸು. ಅಡಿಗೆ ಪೊಳ್ಳಿಲ್ಲಂದ್ರ ನಿಂತ ಕಾಲಮ್ಯಾಲ ಮನಿ ಬಿಡ್ತೀನಿ. ನೀ ಒಂದೊಂದು ಗಳಿಗೆಗೆ ಒಂದೊಂದು ಹೇಳಿದ್ರ ಬಾಣಂತೀನ ಮಳ್ಯಾಗ ತಿರಿಗಿಸಲೇನು?”

ಬಾಬುಸಾಬನದು ತಪ್ಪಲ್ಲ. ಹಸಿಬಾಣಂತಿಗೆ ತಂಪು ಹತ್ತಿದರೆ ಏನಾಗುತ್ತದೆ ಎಂಬುದನ್ನು ಅವನು ತನ್ನ ತಂಗಿಯ ವಿಷಯದಲ್ಲಿ ಕಂಡಿದ್ದ. ಗುರುಸಂಗಪ್ಪ ವಾದಿಸಲು ಬಾಯಿ ತೆರೆದಾಗ ಎಲ್ಲೋ ಗೋಡೆಯೊಳಗೆ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಮಾಳಿಗೆಯಿಂದ ಒಂದು ಹಿಡಿ ಮಣ್ಣು ಉದುರಿ ಬಾಬುಸಾಬನ ಗಾದಿಯ ಮೇಲೆ ಬಿತ್ತು. “ಇಲಿ,” ಎಂದ ಬಾಬುಸಾಬ. ಆದರೆ ಸೂಜಿ ಹಿಡಿದ ಕೈ ನಿಂತಿತ್ತು.

ಗುರುಸಂಗಪ್ಪ ತಿರುಗಿ ಓಡಿದ. ತನ್ನ ಹೊಟ್ಟೆಗೆ ಓಡಲು ಬರುತ್ತದೆ ಎಂಬುದು ಅವನಿಗೇ ಅಂದು ಗೊತ್ತಾಯಿತು.

ಪಡಸಾಲೆಯ ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡಾಗ ಕಳಕವ್ವ ಕಲ್ಲಿನ ಮೇಲೇ ಬಂದು ನಿಂತಳು. ಮೂವತ್ತು ವರ್ಷಗಳಿಂದ ಅಕ್ಕತಂಗಿಯರ ನಡುವೆ, ನೆಗೆಣ್ಣಿಯರ ನಡುವೆ ಅವಳು ತಲೆಯೆತ್ತಿ ಆಡಿದ ಮಾತೆಲ್ಲ ಆ ಕಲ್ಲಿನ ಮೇಲೆ ನಿಂತಿತ್ತು.

“ಬ್ಯಾಡ್ರಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. “ಒಳಗ ಏನೂ ಇಲ್ಲದಿದ್ರ ನಾ ಅಸೂಟಿಗೆ ಯಾವ ಮಾರಿ ತಗೊಂಡು ಹೋಗ್ಲಿ?”

“ಕಳಕವ್ವಾ, ಆ ಕೂಸಿನ ಅಡಿಗೆ ನೆಲ ಇಲ್ಲ.”

ಅವಳು ಗಂಡನ ಮುಖ ನೋಡಿದಳು. ಬೀಗರ ಮುಂದೆ, ಅಡತಿಯವರ ಮುಂದೆ, ಕನ್ನಡಿಯ ಮುಂದೆ ಕೂಡ ಜಂಬ ಬಿಡದ ಮುಖ ಅದು. ಈಗ ಮಳೆಯಲ್ಲಿ ನೆನೆದ ಗೋಡೆಯ ಹಾಗೆ ಆಗಿತ್ತು. ಅವಳು ಕಲ್ಲಿನಿಂದ ಇಳಿದಳು.

ಹಾರೆಯ ತುದಿ ಸಂದಿಯಲ್ಲಿ ಕೂರಲಿಲ್ಲ. ಎರಡನೆಯ ಸಲ ಜಾರಿ ಹೆಬ್ಬೆರಳು ಕಿತ್ತಿತು. ಆರತಿ ಬಂದು ಹಾರೆಗೆ ಕೈ ಹಾಕಿದಳು, ಆಮೇಲೆ ಕಳಕವ್ವ. ಮೂವರೂ ಮೈಭಾರ ಬಿಟ್ಟಾಗ ಕಲ್ಲು ನರಳಿ ಒಂದು ಮಗ್ಗುಲಿಗೆ ಎದ್ದಿತು. ಗುರುಸಂಗಪ್ಪ ಉಸಿರು ಹಿಡಿದ. ಕತ್ತಲೆಯ ಬಾಯಿ ಕಾಣಲಿ, ಮುಗ್ಗಲು ಜೋಳದ ಆ ಹಳೇ ನಾತ ಬರಲಿ ಎಂದು ಅವನ ಮನಸ್ಸು ಕಡೆಯ ಸಲ ಬೇಡಿಕೊಂಡಿತು. ಮರುಗಳಿಗೆಯೇ, ಬಾರದಿರಲಿ ಎಂದೂ ಬೇಡಿಕೊಂಡಿತು. ಪೊಳ್ಳಿದ್ದರೆ ಬಾಬುಸಾಬ ಮನೆ ಬಿಡುವುದಿಲ್ಲವಲ್ಲ.

ಕಲ್ಲಿನ ಅಡಿಗೆ ಗರಸು ಮಣ್ಣಿತ್ತು. ದಮ್ಮಸು ಹೊಡೆದು ಗಟ್ಟಿ ಮಾಡಿದ್ದು. ಹಾರೆ ಎತ್ತಿ ಕುಟ್ಟಿದರೆ ಠಣ್ ಎಂದಿತು. ಗುರುಸಂಗಪ್ಪನ ಅಪ್ಪ ನೋಡುವವರಿಗಾಗಿ ಬರೀ ಮುಚ್ಚಳ ಮಾಡಿಸಿದ್ದ. ಪಾತ್ರೆ ಇರಲೇ ಇಲ್ಲ.

ಕಳಕವ್ವ ಗಂಡನ ಬೆನ್ನಿಗೆ ಕೈ ಹಚ್ಚಿ ದೂಡಿದಳು. “ನಿಂತು ಏನು ನೋಡ್ತೀರಿ? ಓಡ್ರಿ!”

ಗುರುಸಂಗಪ್ಪ ಮತ್ತೆ ಓಣಿ ದಾಟಿದ, ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಒಂದು ಹಿಡಿ ಗರಸು. ಬಾಬುಸಾಬನ ಮುಂದೆ ಕೈ ಬಿಚ್ಚಿ ಹಿಡಿದ. “ನೋಡು, ಇದ ನನ್ನ ಹಗೇವು. ಆರ ಅದಾವ. ಆ ಯಂತ್ರ ಹೇಳಿದ್ದಷ್ಟೂ ಖರೇ ಐತಿ.”

ಬಾಬುಸಾಬ ನಗಬಹುದಿತ್ತು, ಜನ್ಮಕ್ಕಾಗುವಷ್ಟು ನಗುವಿಗೆ ಸಾಮಾನಿತ್ತು ಅಲ್ಲಿ. ಗೆಳೆಯನ ಕೈಯಿಂದ ಇಳಿಯುತ್ತಿದ್ದ ರಕ್ತ, ಮಣ್ಣು ನೋಡಿದ. ಸೂಜಿ ಚುಚ್ಚಿಟ್ಟು ಎದ್ದ. “ನಾಹೀದ! ಕೂಸಿನ್ನ ಎತ್ತಿಕೋ ಬೇಟಾ, ಹೊರಗ ಬಾ.”

ಒಳಗೆ ಬಳೆಯ ಸದ್ದಾಯಿತು, ಅಗಳಿ ಸರಿಯಿತು. ಬಾಗಿಲು ತೆರೆಯಲಿಲ್ಲ. “ಅಬ್ಬಾ, ಹಿಡದೈತಿ. ಬರವಲ್ದು.”

ಗೋಡೆ ಇಳಿದು ಚೌಕಟ್ಟು ಬಾಗಿಲನ್ನು ಕಚ್ಚಿತ್ತು. ಬಾಬುಸಾಬ ಭುಜ ಕೊಟ್ಟು ಗುದ್ದಲು ಹೋದ.

“ಗುದ್ದಬ್ಯಾಡ್ರಿ!” ಹಿಂದೆಯೇ ಓಡಿ ಬಂದಿದ್ದ ಆರತಿ ಕೂಗಿದಳು. “ಅದುರಿದ್ರ ಪೂರಾ ಹೋಗ್ತದ. ಬಾಗಲಾ ಎತ್ತಿ ತಗೀರಿ.”

ಹಳೇ ಬಾಗಿಲು, ಬಿಜಾಗರಿಯಿಲ್ಲ, ಕೆಳಗೆ ಕಲ್ಲಿನ ಕುಳಿಯಲ್ಲಿ ತಿರುಗುವ ಗೂಟ. ಗುರುಸಂಗಪ್ಪ ಹಾರೆಯ ತುದಿಯನ್ನು ಬಾಗಿಲ ಅಡಿಗೆ ತೂರಿಸಿ ಮೆಲ್ಲಗೆ, ತುಂಬಿದ ಹಾಲಿನ ಪಾತ್ರೆ ಎತ್ತುವ ಹಾಗೆ ಎತ್ತಿದ. ಮಣ್ಣು ಉದುರುತ್ತಲೇ ಇತ್ತು. ಒಳಗೆ ಕೂಸು ಕಿರುಚುತ್ತಿತ್ತು. ಗೂಟ ಕುಳಿಯಿಂದ ಎದ್ದಿತು, ಬಾಬುಸಾಬ ಬಾಗಿಲನ್ನು ಅಪ್ಪಿ ಹಿಡಿದು ಪಕ್ಕಕ್ಕೆ ತಂದ.

ನಾಹೀದ ಮಂಚದ ಆಚೆ, ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಕೋಣೆಯ ನಡುವಿನ ಫರಸಿ ತಾಟಿನ ಹಾಗೆ ತಗ್ಗಾಗಿತ್ತು. ಅಗ್ಗಿಷ್ಟಿಕೆ ಆ ತಗ್ಗಿನ ಕಡೆ ತಾನಾಗಿಯೇ ಸರಿದಿತ್ತು.

“ನಡುವ ಕಾಲಿಡಬ್ಯಾಡವಾ,” ಎಂದ ಗುರುಸಂಗಪ್ಪ. ಅವನ ದನಿ ಇಷ್ಟು ಮೆತ್ತಗಿರುತ್ತದೆಂದು ಓಣಿಗೆ ಗೊತ್ತಿರಲಿಲ್ಲ. “ಗ್ವಾಡಿ ಹಿಡಕೊಂಡು ಬಾ. ನನ್ನ ಕಡೆ ನೋಡು. ಕೆಳಗ ನೋಡಬ್ಯಾಡ.”

ಅವಳು ಗೋಡೆಗೆ ಬೆನ್ನು ಹತ್ತಿಸಿ ಬಂದಳು. ಮೊದಲು ಕೂಸು ಬಂತು, ಬಿಸಿಯಾದ ಒಂದು ಗಂಟು, ಗುರುಸಂಗಪ್ಪನ ರಕ್ತದ ಕೈಗೆ. ಆಮೇಲೆ ಅವಳ ಮುಂಗೈ. ಅದನ್ನು ಬಾಬುಸಾಬ ಹಿಡಿದು ಸೆಳೆದುಕೊಂಡ. ಎಲ್ಲರೂ ಅಂಗಳ ದಾಟಿ ಮಳೆಗೆ ಬಂದು ನಿಂತಾಗಲೂ ಏನೂ ಆಗಿರಲಿಲ್ಲ. ದ್ಯಾಮೇಶ ಅಂಗಡಿಯಿಂದ ಇಣುಕಿ ‘ಏನಾತ್ರಿ?’ ಎಂದ. ಬಾಬುಸಾಬ ಮನೆಯ ಕಡೆ ನೋಡಿ, “ಅಂಚಿನ ದಾರ ಅರ್ಧಕ್ಕ ಬಿಟ್ಟೀನಿ, ತರ್ತೀನಿ ತಡಿ,” ಎಂದು ಒಂದು ಹೆಜ್ಜೆ ಇಟ್ಟ. ಗುರುಸಂಗಪ್ಪ ಅವನ ಅಂಗಿಯ ಕಾಲರು ಹಿಡಿದ. ಬಿಡಲಿಲ್ಲ.

ಬಾಬುಸಾಬ ಬೈಯುತ್ತಿದ್ದಾಗಲೇ ಹೋಯಿತು. ದೊಡ್ಡ ಸದ್ದಲ್ಲ, ಯಾರೋ ನಿಟ್ಟುಸಿರು ಬಿಟ್ಟ ಹಾಗೆ. ಅಡುಗೆಮನೆಯ ಮಾಳಿಗೆ ನಡುವೆ ಬಾಗಿತು, ಬಾಣಂತಿಯ ಕೋಣೆಯನ್ನೂ ಎಳೆದುಕೊಂಡು ಒಳಕ್ಕೆ ಇಳಿಯಿತು, ಒಲೆಯ ಹೊಗೆ ನೆಲದೊಳಗಿನಿಂದ ಮೇಲೆ ಬಂತು. ಬಾಣಂತಿಯ ಮಂಚದ ಎರಡು ಕಾಲು ಮಾತ್ರ ಗುಂಡಿಯ ಅಂಚಿನಲ್ಲಿ ಮುಗಿಲಿಗೆ ಮುಖ ಮಾಡಿ ನಿಂತಿದ್ದವು. ಶಬನಮಳ ಕೈಯಲ್ಲಿ ಕಳಕವ್ವ ಕೊಟ್ಟ ಅಳವಿಯ ಪೊಟ್ಟಣ ಹಾಗೇ ಇತ್ತು.

ಸಂಜೆಯವರೆಗೆ ಓಣಿ ಎರಡು ಸುದ್ದಿಗಳನ್ನು ಒಟ್ಟಿಗೆ ಜಗಿಯಿತು: ಬಾಬುಸಾಬನ ಅಡುಗೆಮನೆ ಹೋದದ್ದು, ಗುರುಸಂಗಪ್ಪನ ಮೂರು ಹಗೇವು ಹೋದದ್ದು. ಎರಡನೆಯದಕ್ಕೇ ಉಪ್ಪು-ಖಾರ ಹೆಚ್ಚು ಬಿತ್ತು ಎಂದು ಬೇರೆ ಹೇಳಬೇಕಿಲ್ಲ. ಮಧ್ಯಾಹ್ನ ಯಂತ್ರಕ್ಕೆ ನಕ್ಕವರು ಈಗ ತಮ್ಮ ತಮ್ಮ ಮನೆಯ ಬಣ್ಣ ಕೇಳಲು ಆರತಿಯ ಮುಂದೆ ಸಾಲು ನಿಂತರು.

ಅವಳು ಮೊದಲು ಗುರುಸಂಗಪ್ಪನ ಮನೆಯ ಚಿತ್ರ ತೆಗೆದಳು. ಬಾಣಂತಿಯನ್ನು ಎಲ್ಲಿ ಮಲಗಿಸುವುದೆಂದು ನೋಡಬೇಕಾಗಿತ್ತು. ಅಂಗಳ ಕೆಂಪು. ಅಂಗಳಕ್ಕೆ ಹತ್ತಿದ ಅಡುಗೆಮನೆ, ದೇವರ ಮನೆ, ಗಂಡಹೆಂಡಿರ ಕೋಣೆ, ಎಲ್ಲದರ ಅಂಚಿಗೂ ತೆಳುಗೆಂಪು ಏರಿತ್ತು. ಒಂದೇ ಒಂದು ಜಾಗ ಅಚ್ಚ ಹಸಿರು.

“ಪಡಸಾಲಿ ಒಂದ ಗಟ್ಟಿ ಅದರಿ ಕಾಕಾ. ಆ ಮೂರು ಕಲ್ಲಿನ ಜಾಗಾ.”

ಕಳಕವ್ವ ಅಂಡಿಗೆಗಳನ್ನು ಸರಿಸಿದಳು. ಅಂಗಡಿಯಿಂದ ಬಂದ ಮಗನ ಕೈಯಿಂದ ಮಂಚ ತರಿಸಿ ಮೊದಲನೆಯ ಕಲ್ಲಿನ ಮೇಲೆ ಹಾಕಿಸಿದಳು, ಬಾಬುಸಾಬನೇ ತುಂಬಿದ ಗಾದಿ ಹಾಸಿದಳು, ನಾಹೀದಳ ಕಿವಿಗೆ ಹತ್ತಿ ತುರುಕಿ ಮಲಗಿಸಿದಳು. ಎರಡನೆಯ ಕಲ್ಲಿನ ಮೇಲೆ ಬಾಬುಸಾಬ, ಶಬನಮ. ಕೂಸು ಹಾಲು ಕುಡಿದು, ಏನೂ ನಡೆದೇ ಇಲ್ಲವೆಂಬಂತೆ ನಿದ್ದೆ ಹೋಯಿತು.

ಗುರುಸಂಗಪ್ಪ ಕಂಬಕ್ಕೊರಗಿ ಕೂತಿದ್ದ, ಹೆಬ್ಬೆರಳಿಗೆ ಅರಿಸಿನದ ಬಟ್ಟೆ. ಇಷ್ಟು ಹೊತ್ತಾದರೂ ಹೆಂಡತಿ ಹಗೇವಿನ ಮಾತು ಎತ್ತಿರಲಿಲ್ಲ. ಆ ಮೌನಕ್ಕೆ ಅವನು ಅಡುಗೆಮನೆ ಕುಸಿದದ್ದಕ್ಕಿಂತ ಹೆಚ್ಚು ಅಂಜಿದ್ದ.

“ನಾವೂ ಇಲ್ಲೇ ಮಲಗೂಣು,” ಎಂದ ಕಡೆಗೆ, ಮೂರನೆಯ ಕಲ್ಲು ನೋಡುತ್ತ. “ನಮ್ಮ ಕ್ವಾಣಿ ಸೈತ ಕೆಂಪೈತಂತ.”

ಕಳಕವ್ವ ಹಾಸಿಗೆಯ ಸುರುಳಿ ತಂದು ಮೂರನೆಯ ಕಲ್ಲಿನ ಮೇಲೆ ಉರುಳಿಸಿದಳು. ಸೊಂಟದ ಮೇಲೆ ಕೈಯಿಟ್ಟು ನಿಂತು, ಕತ್ತಲೆ ಕವಿಯುತ್ತಿದ್ದ ಅಂಗಳ, ಅದರಾಚೆಯ ತನ್ನ ಒಲೆ, ಒಮ್ಮೆ ನೋಡಿದಳು.

“ನಿಮ್ಮಪ್ಪ ಇನ್ನೊಂದೆರಡು ಸುಳ್ಳು ಹೇಳಿದ್ರ,” ಎಂದಳು, “ನನ್ನ ಅಡಗಿಮನಿನೂ ಉಳೀತಿತ್ತು.”